ನಾಣ್ಯದ ಮೇಲಿನ ತಕ್ಕಡಿ

ಪುರಾತನ ರೋಮ್ ಸಾಮ್ರಾಜ್ಯದ ನಾಣ್ಯಗಳ ಒಂದು ಮುಖದಲ್ಲಿ ಚಕ್ರವರ್ತಿಯ ಶಿರವೂ ಬಿರುದುಗಳೂ ಇರುತ್ತಿದ್ದವು. ಇನ್ನೊಂದು ಮುಖದಲ್ಲಿ ಅನೇಕ ವೇಳೆ ಯಾವುದಾದರೊಂದು ಸದ್ಗುಣವು ಸ್ತ್ರೀರೂಪದಲ್ಲಿ ಮೂಡಿರುತ್ತಿತ್ತು. ಅಂಥವರಲ್ಲಿ ‘ಏಕ್ವಿಟಾಸ್’ ಒಬ್ಬಳು. ಬಲಗೈಯಲ್ಲಿ ತಕ್ಕಡಿ, ಎಡಗೈಯಲ್ಲಿ ಸಮೃದ್ಧಿಯ ಕೊಂಬು. ಸುತ್ತಲೂ ‘ಚಕ್ರವರ್ತಿಯ ನ್ಯಾಯಪರತೆ’ ಎಂಬರ್ಥದ ಲ್ಯಾಟಿನ್ ಲೇಖ. ಆ ತಕ್ಕಡಿಯು ಟಂಕಸಾಲೆಯ ಪ್ರಾಮಾಣಿಕತೆಯ ಸಂಕೇತವೂ ಹೌದೆಂದು ವಿದ್ವಾಂಸರು ಹೇಳುತ್ತಾರೆ.

ಆದರೆ ತಕ್ಕಡಿಯನ್ನು ಹೊತ್ತ ಲೋಹದ ಗತಿಯೇನಾಯಿತು? ಆಗಸ್ಟಸನ ಕಾಲದ ಡಿನೇರಿಯಸ್ ಹೆಚ್ಚುಕಡಿಮೆ ಶುದ್ಧ ಬೆಳ್ಳಿ. ಕ್ರಿ.ಶ. 64ರಲ್ಲಿ ನೀರೋ ಅದರ ತೂಕವನ್ನೂ ಬೆಳ್ಳಿಯ ಅಂಶವನ್ನೂ ತಗ್ಗಿಸಿದನು. ಗ್ಯಾಲಿಯೆನಸನ (253-268) ಆಳ್ವಿಕೆಯ ಕೊನೆಯ ವರ್ಷಗಳ ನಾಣ್ಯದಲ್ಲಿ ಬೆಳ್ಳಿಯು ಶೇಕಡಾ 5ಕ್ಕೂ ಕೆಳಗಿಳಿದು, ತಾಮ್ರದ ಬಿಲ್ಲೆಗೆ ತೆಳುವಾದ ಲೇಪವಷ್ಟೇ ಉಳಿಯಿತು. ಅವನ ನಾಣ್ಯಗಳ ಮೇಲೂ ಏಕ್ವಿಟಾಸ್ ತಕ್ಕಡಿ ಹಿಡಿದೇ ನಿಂತಿದ್ದಳು.

ಇದಕ್ಕೆ ಕಾರಣಗಳಿಲ್ಲದೆ ಇರಲಿಲ್ಲ. ಗಡಿಗಳಲ್ಲಿ ಯುದ್ಧ, ಸೈನಿಕರಿಗೆ ವೇತನ, ಬರಿದಾದ ಬೊಕ್ಕಸ. ಆದರೆ ಕಾರಣವು ಕೊರತೆಯನ್ನು ವಿವರಿಸೀತೇ ಹೊರತು ಲೇಖವನ್ನು ಸಮರ್ಥಿಸದು. ಬೆಳ್ಳಿಯನ್ನು ಮರೆಯಲ್ಲಿ ತಗ್ಗಿಸುವುದು ಅಚೌರ್ಯಕ್ಕೆ ಭಂಗ. ತಗ್ಗಿಸಿದುದರ ಮೇಲೆ ನ್ಯಾಯದ ಮುದ್ರೆಯೊತ್ತುವುದು ಸತ್ಯಕ್ಕೂ ಭಂಗ. ಜನರು ಹಳೆಯ ಒಳ್ಳೆಯ ನಾಣ್ಯಗಳನ್ನು ಬಚ್ಚಿಟ್ಟರು, ಬೆಲೆಗಳು ಏರಿದವು, 301ರಲ್ಲಿ ಡಯೋಕ್ಲೀಷಿಯನ್ ಬೆಲೆಗಳಿಗೆ ಮಿತಿ ವಿಧಿಸುವ ಶಾಸನ ಹೊರಡಿಸಬೇಕಾಯಿತು.

ನಮ್ಮ ಆಚಾರ್ಯರು ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಅಳತೆ-ತೂಕಗಳ ಮೋಸವಾದ ‘ಹೀನಾಧಿಕ ಮಾನೋನ್ಮಾನ’ವನ್ನೂ ‘ಪ್ರತಿರೂಪಕ ವ್ಯವಹಾರ’ವನ್ನೂ ಎಣಿಸಿದ್ದಾರೆ. ಎರಡನೆಯದನ್ನು ಪೂಜ್ಯಪಾದರು ‘ಸರ್ವಾರ್ಥಸಿದ್ಧಿ’ಯಲ್ಲಿ ಕೃತಕ ಚಿನ್ನ ಮೊದಲಾದವುಗಳಿಂದ ವಂಚಿಸಿ ನಡೆಸುವ ವ್ಯವಹಾರವೆಂದು ವಿವರಿಸುತ್ತಾರೆ. ಇಲ್ಲಿ ಕಳ್ಳನು ಕನ್ನ ಕೊರೆಯುವುದಿಲ್ಲ. ಕೊಡುವ ಕೈಯೇ ಕದಿಯುತ್ತದೆ.

ಶ್ರಾವಕನ ದಾನವನ್ನೂ ಈ ಒರೆಗಲ್ಲಿಗೆ ಹಚ್ಚಬೇಕು. ಬಸದಿಯ ಜೀರ್ಣೋದ್ಧಾರಕ್ಕೆ ನೆರವಾದವರ ಹೆಸರನ್ನು ಅಮೃತಶಿಲೆಯಲ್ಲಿ ಕೊರೆಸುವುದು ತಪ್ಪಲ್ಲ. ಅದು ಇತರರಿಗೆ ಪ್ರೇರಣೆ. ಆದರೆ ತೂಕದಲ್ಲಿ ಕಡಿತ ಮಾಡಿ, ಆಳುಗಳ ಕೂಲಿಯನ್ನು ಉಳಿಸಿಕೊಂಡು ಗಳಿಸಿದ ಹಣದ ಮೇಲೆ ‘ಧರ್ಮಾನುರಾಗಿ’ ಎಂಬ ಅಕ್ಷರಗಳನ್ನು ಮೂಡಿಸಿದರೆ, ಅದಕ್ಕೂ ಗ್ಯಾಲಿಯೆನಸನ ಬಿಲ್ಲೆಗೂ ಭೇದವೇನು? ದಾನಕ್ಕೆ ನ್ಯಾಯೋಪಾತ್ತ ಧನವೇ ಯೋಗ್ಯವಾದುದು. ಪ್ರತಿಯೊಬ್ಬ ದಾನಿಯ ಲೆಕ್ಕವನ್ನು ಶೋಧಿಸುವುದು ಟ್ರಸ್ಟಿನ ಆಡಳಿತ ಮಂಡಳಿಗೆ ಸಾಧ್ಯವಿಲ್ಲ, ನಿಜ. ಆದರೆ ತಿಳಿದೂ ತಿಳಿಯದಂತೆ ಸ್ವೀಕರಿಸದಿರುವುದು ಸಾಧ್ಯ. ಕದ್ದು ತಂದುದನ್ನು ಪಡೆಯುವ ‘ತದಾಹೃತಾದಾನ’ವೂ ಅದೇ ಐದು ಅತಿಚಾರಗಳಲ್ಲಿ ಒಂದೆಂಬುದನ್ನು ನಾವು ಮರೆಯಲಾಗದು.

ಲೇಖಕ್ಕಿಂತ ಮೊದಲು ಲೋಹವು ಶುದ್ಧವಾಗಲಿ.