ಕಲಿಯುವವನ ಮೊದಲ ವಾದ್ಯ

ಮನೆಯಲ್ಲಿ ಹುಡುಗನೋ ಹುಡುಗಿಯೋ ವಾದ್ಯವೊಂದನ್ನು ಕಲಿಯಬೇಕೆಂದು ಆಸೆಪಟ್ಟಾಗ ಹಿರಿಯರ ಬಾಯಿಂದ ಸಾಮಾನ್ಯವಾಗಿ ಹೊರಡುವ ಮಾತು ಒಂದೇ: “ಮೊದಲು ಯಾವುದಾದರೊಂದರಲ್ಲಿ ಕಲಿಯಲಿ; ಕೈ ಪಳಗಿದ ಮೇಲೆ ಒಳ್ಳೆಯದನ್ನು ಕೊಡಿಸಿದರಾಯಿತು.” ಈ ಮಾತಿನಲ್ಲಿ ಲೋಕಾನುಭವವಿದೆ, ಹಣದ ವಿಷಯದಲ್ಲಿ ಎಚ್ಚರವೂ ಇದೆ. ಆದರೆ ಅದರೊಳಗೆ ಒಂದು ಧರ್ಮಪ್ರಶ್ನೆ ಅಡಗಿರುವುದನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ. ಒಳ್ಳೆಯ ಸಾಧನವೆಂಬುದು ಯೋಗ್ಯತೆಗೆ ಸಲ್ಲುವ ಬಹುಮಾನವೋ, ಇಲ್ಲವೆ ಯೋಗ್ಯತೆ ಹುಟ್ಟುವುದಕ್ಕೆ ಬೇಕಾದ ಕಾರಣಗಳಲ್ಲೊಂದೋ? ಬಹುಮಾನವಾದರೆ ಹಿರಿಯರ ಮಾತು ಸರಿ. ಕಾರಣವಾದರೆ, ಬೆಳೆ ಬಂದ ಮೇಲೆ ಬೀಜ ಕೊಡುತ್ತೇವೆಂದು ರೈತನಿಗೆ ಹೇಳಿದಂತಾಯಿತು.

ಪ್ರಶ್ನೆಯನ್ನು ಅಂತರಿಕ್ಷದಲ್ಲಿ ತೂಗಬಿಡುವುದಕ್ಕಿಂತ ಯಾವುದಾದರೊಂದು ವಾದ್ಯದ ಮೇಲಿಟ್ಟು ನೋಡುವುದು ಲೇಸು. ಅದಕ್ಕೆ ಇಂಗ್ಲೆಂಡು, ಐರ್ಲೆಂಡುಗಳಲ್ಲಿ ಬಳಕೆಯಲ್ಲಿರುವ ಕಾನ್ಸರ್ಟೀನಾ ಬಹಳ ತಕ್ಕದ್ದು. ಏಕೆಂದರೆ ಅದನ್ನು ಕಲಿಯಹೊರಟವನಿಗೆ ಮೊದಲನೆಯ ದಿನವೇ ಎರಡು ಆಯ್ಕೆಗಳು ಎದುರಾಗುತ್ತವೆ, ಎರಡನ್ನೂ ಅವನು ಏನೂ ತಿಳಿಯದ ಸ್ಥಿತಿಯಲ್ಲೇ ಮಾಡಬೇಕಾಗುತ್ತದೆ. ಕಾನ್ಸರ್ಟೀನಾ ಎಂದರೆ ಎರಡು ಅಂಗೈಗಳ ನಡುವೆ ಹಿಡಿಯುವ, ಸಾಮಾನ್ಯವಾಗಿ ಆರು ಮೂಲೆಗಳ, ಚಿಕ್ಕದೊಂದು ಪೆಟ್ಟಿಗೆ. ನಡುವೆ ಮಡಿಕೆ ಮಡಿಕೆಯಾದ ತಿದಿ. ಎರಡು ಕೊನೆಗಳಲ್ಲಿಯೂ ಗುಂಡಿಗಳು. ತಿದಿಯನ್ನು ಒತ್ತಿದಾಗಲೂ ಎಳೆದಾಗಲೂ ಗಾಳಿಯು ಲೋಹದ ರೀಡುಗಳ ಮೂಲಕ ಹಾದು ನಾದವಾಗುತ್ತದೆ. ನಮ್ಮ ಮನೆಗಳ ಹಾರ್ಮೋನಿಯಮ್ಮಿಗೆ ಇದು ದಾಯಾದಿಯೆಂದರೆ ಸಲ್ಲುತ್ತದೆ.

ಇದರ ನಿರ್ಮಾತೃಗಳಲ್ಲಿ ಒಬ್ಬನು ಸರ್ ಚಾರ್ಲ್ಸ್ ವೀಟ್‌ಸ್ಟನ್. ವಿದ್ಯುತ್ತಿನ ಪಾಠ ಓದಿದವರೆಲ್ಲರಿಗೂ ‘ವೀಟ್‌ಸ್ಟನ್ ಸೇತುವೆ’ಯ ಮೂಲಕ ಪರಿಚಿತನಾದ ವಿಜ್ಞಾನಿಯೇ ಈತ. ವಿನೋದವೇನೆಂದರೆ, ಆ ಸೇತುವೆಯನ್ನು ಮೊದಲು ಕಂಡುಹಿಡಿದವನು ಕ್ರಿಸ್ಟಿ ಎಂಬ ಬೇರೊಬ್ಬನು. ನಿಜವಾಗಿ ವೀಟ್‌ಸ್ಟನ್ನನದೇ ಆದ ಕಾನ್ಸರ್ಟೀನಾದ ಮೇಲೆ ಅವನ ಹೆಸರನ್ನು ಲೋಕವು ಅಷ್ಟಾಗಿ ಉಳಿಸಲಿಲ್ಲ. ಅವನು 1829ರಲ್ಲಿ ಪಡೆದ ಪೇಟೆಂಟಿನಲ್ಲಿ ಇದರ ಮೂಲವಿದೆ. 1844ರದರಲ್ಲಿ ಅದು ಪೂರ್ಣರೂಪಕ್ಕೆ ಬಂದಿದೆ. ಇತ್ತ ಜರ್ಮನಿಯ ಚೆಮ್ನಿಟ್ಸ್ ಪಟ್ಟಣದಲ್ಲಿ ಊಲಿಗ್ ಎಂಬಾತನು 1834ರಲ್ಲಿ ಬೇರೊಂದು ದಾರಿಯಲ್ಲಿ ನಡೆದು ತನ್ನ ಬಗೆಯ ಕಾನ್ಸರ್ಟೀನಾವನ್ನು ಮಾಡಿದನು. ಹೀಗೆ ಒಂದೇ ಹೆಸರಿನ ಕೆಳಗೆ ಬೇರೆ ಬೇರೆ ವಾದ್ಯಗಳು ಬಂದು ಸೇರಿಕೊಂಡವು.

ವೀಟ್‌ಸ್ಟನ್ನನ ಇಂಗ್ಲಿಷ್ ಬಗೆಯಲ್ಲಿ ಸಾಮಾನ್ಯವಾಗಿ 48 ಗುಂಡಿಗಳು; ಒಂದು ಗುಂಡಿಗೆ ಒತ್ತಿದಾಗಲೂ ಎಳೆದಾಗಲೂ ಒಂದೇ ಸ್ವರ; ಸ್ವರಶ್ರೇಣಿಯು ಒಮ್ಮೆ ಎಡಗೈಗೆ ಒಮ್ಮೆ ಬಲಗೈಗೆ ನೇಯ್ಗೆಯ ಲಾಳಿಯಂತೆ ಹಾಯುತ್ತ ಏರುತ್ತದೆ. ಜರ್ಮನ್ ವಾದ್ಯದಿಂದ ಬೆಳೆದ ಆಂಗ್ಲೋ ಬಗೆಯಲ್ಲಿ 20 ಅಥವಾ 30 ಗುಂಡಿಗಳು. ಮೌತ್ ಆರ್ಗನ್ನಿನಂತೆ ಒಂದೇ ಗುಂಡಿಗೆ ಒತ್ತಿದಾಗ ಒಂದು ಸ್ವರ, ಎಳೆದಾಗ ಮತ್ತೊಂದು. ಮೂರನೆಯದಾದ ಡ್ಯೂಯೆಟ್ ಬಗೆಯಲ್ಲಿ ಮಂದ್ರವೆಲ್ಲ ಎಡಗೈಗೆ, ತಾರವೆಲ್ಲ ಬಲಗೈಗೆ. ಇವು ಮೂರೂ ನೋಡುವುದಕ್ಕೆ ಅಣ್ಣತಮ್ಮಂದಿರಂತಿದ್ದರೂ ಒಂದರಲ್ಲಿ ಪಳಗಿದ ಬೆರಳು ಇನ್ನೊಂದರ ಮೇಲೆ ಅನಕ್ಷರಸ್ಥನಾಗಿಬಿಡುತ್ತದೆ. ಕಿವಿಯ ಪಾಠ ಉಳಿಯುತ್ತದೆ. ಕೈಯ ಪಾಠವನ್ನು ಮೊದಲಿನಿಂದ ಹೇಳಿಸಿಕೊಳ್ಳಬೇಕು.

ಹೀಗಿರಲು, ಏನನ್ನೂ ನುಡಿಸಲರಿಯದವನು ಮೂರರಲ್ಲಿ ಒಂದನ್ನು ಆರಿಸುವುದೆಂತು? ಯಾವುದು ತನಗೆ ಒಗ್ಗುವುದೆಂಬ ತಿಳಿವು ಎರಡು ವರ್ಷ ನುಡಿಸಿದ ಮೇಲೆ ಬರತಕ್ಕದ್ದು. ಆಯ್ಕೆಯಾದರೋ ಇಂದೇ ಆಗಬೇಕು. ಜೀವನದ ದೊಡ್ಡ ಆಯ್ಕೆಗಳೆಲ್ಲ ಇದೇ ಜಾತಿಯವು. ವಿದ್ಯಾರ್ಥಿಯು ಶಾಸ್ತ್ರವನ್ನು ಆರಿಸುವಾಗ ಅವನಿಗೆ ಆ ಶಾಸ್ತ್ರ ಗೊತ್ತಿರುವುದಿಲ್ಲ. ಇಂಥ ಕಡೆ ‘ಮೂರರಲ್ಲಿ ಶ್ರೇಷ್ಠವಾವುದು?’ ಎಂದು ಕೇಳುತ್ತ ಕುಳಿತರೆ ಉತ್ತರ ಸಿಕ್ಕದು; ಇಂಗ್ಲಿಷ್ ನುಡಿಸುವವನು ಇಂಗ್ಲಿಷನ್ನೇ ಹೊಗಳುವನು, ಆಂಗ್ಲೋದವನು ಆಂಗ್ಲೋವನ್ನು. ಕೇಳಬೇಕಾದ ಪ್ರಶ್ನೆ ಬೇರೆ: ಇವನಿಗೆ ವಾದ್ಯದ ಆಸೆ ಹುಟ್ಟಿದ್ದು ಯಾವ ಸಂಗೀತವನ್ನು ಕೇಳಿ? ಕೈಗೆ ತಿಳಿಯದ್ದು ಕಿವಿಗೆ ಮೊದಲೇ ತಿಳಿದಿರುತ್ತದೆ. ಐರ್ಲೆಂಡಿನ ಕುಣಿತದ ಮಟ್ಟುಗಳು ಅವನನ್ನು ಸೆಳೆದಿದ್ದರೆ ಆ ನಾಡಿನವರು ನುಡಿಸುವುದು ಬಹುಮಟ್ಟಿಗೆ ಆಂಗ್ಲೋ; ತಿದಿಯನ್ನು ಹಿಂದೆಮುಂದೆ ತಿರುಗಿಸುವುದರಿಂದಲೇ ಆ ಮಟ್ಟುಗಳಿಗೆ ಬೇಕಾದ ಚುರುಕೂ ತಡೆಯೂ ಅದರಲ್ಲಿ ತಾನಾಗಿ ಒದಗುತ್ತವೆ. ಬರೆದಿಟ್ಟ ಸ್ವರಲಿಪಿಯನ್ನು ಓದಿ, ಎಲ್ಲ ಶ್ರುತಿಗಳಲ್ಲಿಯೂ ಸಂಚರಿಸುವ ಆಸೆಯಿದ್ದರೆ ಇಂಗ್ಲಿಷ್ ಬಗೆ ಅನುಕೂಲ. ರಾಗಕ್ಕೆ ಜೊತೆಯಾಗಿ ಕೆಳದನಿಯ ಆಸರೆಯನ್ನೂ ತಾನೇ ಕೊಟ್ಟುಕೊಳ್ಳಬೇಕೆನ್ನುವವನಿಗೆ ಡ್ಯೂಯೆಟ್. 1899ರ ಡಿಸೆಂಬರ್ 26ರಂದು ಆಕ್ಸ್‌ಫರ್ಡ್ ಬಳಿಯ ಹೆಡಿಂಗ್‌ಟನ್ನಿನಲ್ಲಿ ಮಾರಿಸ್ ಕುಣಿತದವರ ಮೇಳವೊಂದು ಸೆಸಿಲ್ ಶಾರ್ಪನ ಕಣ್ಣಿಗೆ ಬಿತ್ತು. ಜನಪದ ಸಂಗೀತದ ಸಂಗ್ರಹಕ್ಕೆ ಅವನ ಮನಸ್ಸು ಹರಿದದ್ದು ಅಲ್ಲಿಂದ. ಆ ಮೇಳಕ್ಕೆ ಆಂಗ್ಲೋ ನುಡಿಸುತ್ತಿದ್ದ ವಿಲಿಯಂ ಕಿಂಬರನು ಬಗೆಗಳನ್ನು ತೂಗಿನೋಡಿ ವಾದ್ಯವನ್ನು ಆರಿಸಿದವನಲ್ಲ. ಕುಣಿತದ ಮನೆಯಲ್ಲಿ ಹುಟ್ಟಿದನು, ತಂದೆಯಿಂದ ಕಲಿತನು. ಅವನಿಗೆ ಮನೆಯೇ ಮಾಡಿಕೊಟ್ಟ ಆಯ್ಕೆಯನ್ನು ಇಂದಿನ ಕಲಿಕೆಗಾರನು ತನ್ನ ಪ್ರೀತಿಯಿಂದ ಮಾಡಿಕೊಳ್ಳಬೇಕಾಗಿದೆ.

ಎರಡನೆಯ ಆಯ್ಕೆ ಗುಣದ್ದು. ಧರ್ಮಪ್ರಶ್ನೆಯ ಮೊನೆ ಇರುವುದು ಇಲ್ಲಿಯೇ. ಅಗ್ಗದ ಕಾನ್ಸರ್ಟೀನಾಗಳು ಅಂಗಡಿಯಲ್ಲಿ ಬಹಳ ಚೆಂದವಾಗಿ ಕಾಣಿಸುತ್ತವೆ. ಆದರೆ ಅವುಗಳಲ್ಲಿ ಹಲವಕ್ಕೆ ತಿದಿ ಬಿರುಸು; ಒತ್ತಿದ ಗುಂಡಿ ತಡವಾಗಿ ಮೇಲೇಳುತ್ತದೆ, ಕೆಲವೊಮ್ಮೆ ಏಳುವುದೇ ಇಲ್ಲ; ರೀಡು ಬಾಯಿಬಿಡುವುದಕ್ಕೆ ಹೆಚ್ಚು ಗಾಳಿ ಬೇಕು; ಒಂದು ಸ್ವರ ಜೋರು, ಪಕ್ಕದ್ದು ಕುಗ್ಗು. ಇವೆಲ್ಲ ಸಣ್ಣ ದೋಷಗಳೇ, ಪಳಗಿದವನ ಪಾಲಿಗೆ. ಅವನು ಅರೆಗಳಿಗೆಯಲ್ಲಿ ‘ಈ ಪೆಟ್ಟಿಗೆ ಸರಿಯಿಲ್ಲ’ ಎಂದು ಕೆಳಗಿಡುವನು. ಅಥವಾ ದೋಷವನ್ನು ಬಳಸಿಕೊಂಡು ನುಡಿಸಿಯಾನು. ಹೊಸಬನಿಗೆ ಆ ಸ್ವಾತಂತ್ರ್ಯವಿಲ್ಲ. ಸ್ವರ ಏಳದಿದ್ದರೆ ತನ್ನ ಬೆರಳು ಮಂದವೆಂದುಕೊಳ್ಳುವನು. ತಿದಿ ಬಗ್ಗದಿದ್ದರೆ ತನ್ನ ತೋಳು ದುರ್ಬಲವೆಂದುಕೊಳ್ಳುವನು. ಮಟ್ಟು ಕುಂಟಿದರೆ ತನಗೆ ಲಯಜ್ಞಾನವೇ ಇಲ್ಲವೆಂದು ನಿಶ್ಚಯಿಸಿಕೊಳ್ಳುವನು. ತಪ್ಪು ಮರದ್ದೋ ಬೆರಳಿನದ್ದೋ ಎಂದು ತೀರ್ಮಾನಿಸುವ ಶಕ್ತಿಯೇ ಅವನು ಕಲಿಯಬೇಕಾಗಿರುವ ವಿದ್ಯೆಯ ಒಂದು ಭಾಗ; ಅದು ಅವನಲ್ಲಿ ಇನ್ನೂ ಹುಟ್ಟಿಲ್ಲ. ಆದುದರಿಂದ ಕೆಟ್ಟ ವಾದ್ಯವನ್ನು ಸಹಿಸಬಲ್ಲವನು ಪ್ರವೀಣನೇ ಹೊರತು ಹೊಸಬನಲ್ಲ. ಲೋಕವು ಮಾಡುತ್ತಿರುವುದು ಇದಕ್ಕೆ ನೇರ ವಿರುದ್ಧ.

ಇದರಲ್ಲಿ ನಷ್ಟವಾಗುವುದು ಹಣವಾಗಿದ್ದರೆ ಅದೊಂದು ವ್ಯವಹಾರದ ಮಾತಾಗುತ್ತಿತ್ತು. ಹಾಳಾಗುವುದು ಒಬ್ಬನು ತನ್ನ ವಿಷಯದಲ್ಲಿ ಇಟ್ಟುಕೊಂಡ ನಂಬಿಕೆ. ‘ನನಗೆ ಸಂಗೀತ ಬರುವುದಿಲ್ಲ’ ಎಂದು ಮುದಿತನದವರೆಗೂ ಹೇಳಿಕೊಂಡು ತಿರುಗುವವರಲ್ಲಿ, ಬಿರುಸಾದ ತಿದಿಯೊಂದು ಕೊಟ್ಟ ತೀರ್ಪನ್ನು ತಮ್ಮ ಸ್ವಭಾವವೆಂದು ನಂಬಿದವರು ಎಷ್ಟು ಮಂದಿಯಿರುವರೋ! ಅನ್ಯಾಯವಾದದ್ದು ಅನ್ಯಾಯಕ್ಕೆ ಒಳಗಾದವನಿಗೇ ಗೊತ್ತಾಗದಿರುವುದು ಇದರ ವಿಶೇಷ.

ಇದಕ್ಕೆ ಬಲವಾದ ಆಕ್ಷೇಪವೊಂದುಂಟು, ಅದನ್ನು ತೇಲಿಸಿಬಿಡಬಾರದು. ಪಶ್ಚಿಮ ಐರ್ಲೆಂಡಿನ ಕ್ಲೇರ್ ಜಿಲ್ಲೆಗೆ ಹತ್ತೊಂಬತ್ತನೆಯ ಶತಮಾನದಲ್ಲಿ ಬಂದವು ಬಹುಪಾಲು ಅಗ್ಗದ ಜರ್ಮನ್ ಕಾನ್ಸರ್ಟೀನಾಗಳು. ಹಳ್ಳಿಯ ಬಡ ಮನೆಗಳಲ್ಲಿ, ಅದರಲ್ಲಿಯೂ ಹೆಂಗಸರ ಕೈಯಲ್ಲಿ, ಅವು ಅಡುಗೆಮನೆಯ ಕುಣಿತಗಳಿಗೆ ನುಡಿದವು. ಇಂದಿಗೂ ಆ ವಾದ್ಯದ ತವರೆಂದು ಹೆಸರಾಗಿರುವುದು ಆ ಜಿಲ್ಲೆಯೇ. ಕಿಲ್‌ರಷ್‌ನ ಶ್ರೀಮತಿ ಕ್ರಾಟಿ (1885–1960) ಅವರಂಥ ಪ್ರಸಿದ್ಧರು ಬಂದದ್ದು ಆ ನೆಲದಿಂದ. ಅಗ್ಗದ ವಾದ್ಯ ಇವರನ್ನೇಕೆ ಕೆಡಿಸಲಿಲ್ಲ?

ಆ ಮಕ್ಕಳು ಒಂಟಿಯಾಗಿ ಕಲಿಯಲಿಲ್ಲವೆಂಬುದೇ ಇದಕ್ಕೆ ಸಮಾಧಾನ. ಮಟ್ಟು ಹೇಗಿರಬೇಕೆಂಬುದು ಕುಣಿತದವರ ಕಾಲಸಪ್ಪಳದಿಂದಲೇ ಅವರಿಗೆ ತಿಳಿದಿತ್ತು. ಗುಂಡಿ ಅಂಟಿಕೊಂಡರೆ ತಾಯಿಯೋ ನೆರೆಮನೆಯವಳೋ ಪೆಟ್ಟಿಗೆಯನ್ನು ತೆಗೆದುಕೊಂಡು ನುಡಿಸಿ ನೋಡಬಹುದಾಗಿತ್ತು. ಆಕೆಗೂ ಅಂಟಿಕೊಂಡರೆ ತಪ್ಪು ಪೆಟ್ಟಿಗೆಯದೆಂದು ಎಲ್ಲರಿಗೂ ಗೊತ್ತು. ಮಗುವಿಗೆ ಇಲ್ಲದ ವಿವೇಕವನ್ನು ಊರು ಎರವಲು ಕೊಡುತ್ತಿತ್ತು. ಆದಕಾರಣ ಈ ಆಕ್ಷೇಪವು ಹಿಂದಿನ ಮಾತನ್ನು ಅಲ್ಲಗಳೆಯದೆ ತಿದ್ದುತ್ತದೆ: ಹೊಸಬನಿಗೆ ಬೇಕಾದದ್ದು ಬೆಲೆಯುಳ್ಳ ವಾದ್ಯವೆಂದಲ್ಲ, ಸುಳ್ಳು ಹೇಳದ ವಾದ್ಯ. ಸುಳ್ಳು ಹೇಳುವ ವಾದ್ಯವೇ ಗತಿಯಾದರೆ, ಅದರ ಸುಳ್ಳನ್ನು ಹಿಡಿಯಬಲ್ಲವರೊಬ್ಬರು ಹತ್ತಿರದಲ್ಲಿರಬೇಕು. ಪುಸ್ತಕವನ್ನು ಮುಂದಿಟ್ಟುಕೊಂಡು ಬಾಗಿಲು ಮುಚ್ಚಿದ ಕೋಣೆಯಲ್ಲಿ ಕಲಿಯುವವನಿಗೆ ಇವೆರಡೂ ಇಲ್ಲ.

ಇನ್ನೊಂದು ತುದಿಗೆ ಹೋಗುವವರೂ ಇದ್ದಾರೆ. ವೀಟ್‌ಸ್ಟನ್, ಜೆಫ್ರೀಸ್ ಮುಂತಾದವರ ಹೆಸರು ಹೊತ್ತ ಹಳೆಯ ವಾದ್ಯಗಳಿಗೆ ಇಂದು ಬೆಲೆ ಬಹಳ. ಹಣವುಳ್ಳವನು ಮೊದಲ ದಿನವೇ ಅಂಥದೊಂದನ್ನು ಕೊಳ್ಳಬಲ್ಲ. ಇದು ಪಾಪವಲ್ಲ. ಆದರೆ ಆ ಕೈಗೆಲಸದವರು ಮತ್ತೆ ಹುಟ್ಟಿಬರುವುದಿಲ್ಲ, ಅವರ ವಾದ್ಯಗಳ ಸಂಖ್ಯೆ ಬೆಳೆಯುವುದಿಲ್ಲ. ಒಂದು ಪೆಟ್ಟಿಗೆಯಲ್ಲಿ ಮಲಗಿದರೆ ನುಡಿಸಬಲ್ಲವನೊಬ್ಬನಿಗೆ ಅದು ತಪ್ಪಿದಂತೆಯೇ. ಅಲ್ಲದೆ ಅವುಗಳಲ್ಲಿ ಹಲವು ಸೆಕೆಂಡಿಗೆ ಸುಮಾರು 452 ಕಂಪನಗಳ ಹಳೆಯ ಮೇಲುಶ್ರುತಿಯಲ್ಲಿವೆ. 1939ರಲ್ಲಿ ಒಪ್ಪಿತವಾದ 440ರ ಶ್ರುತಿಯ ವಾದ್ಯಗಳೊಡನೆ ಕೂಡಲಾರವು. ಎಷ್ಟು ಒಳ್ಳೆಯದಾದರೂ ನಾಲ್ವರೊಡನೆ ಕೂಡಿ ನುಡಿಸಲಾಗದ ವಾದ್ಯವು ಹೊಸಬನನ್ನು ಮತ್ತೆ ಆ ಒಂಟಿ ಕೋಣೆಗೇ ಕಳುಹಿಸುತ್ತದೆ.

ನಡುವಿನ ದಾರಿ ಇಲ್ಲದಿಲ್ಲ. ಅಕಾರ್ಡಿಯನ್ ಬಗೆಯ ರೀಡುಗಳನ್ನು ಹಾಕಿ ಮಾಡಿದ ಸಾಧಾರಣ ಬೆಲೆಯ ವಾದ್ಯಗಳಿವೆ. ಅವುಗಳ ನಾದಕ್ಕೆ ಹಳೆಯವುಗಳ ಸೊಗಸಿಲ್ಲದಿದ್ದರೂ ಒಳ್ಳೆಯ ಕೈಗೆಲಸದವಾದರೆ ಗುಂಡಿ ಏಳುತ್ತದೆ, ತಿದಿ ಬಗ್ಗುತ್ತದೆ. ಕೆಲವು ವ್ಯಾಪಾರಿಗಳು ಹೊಸಬರಿಗೆ ವಾದ್ಯವನ್ನು ಬಾಡಿಗೆಗೆ ಕೊಡುವುದುಂಟು. ಕೆಲವರು ಮುಂದೆ ಉತ್ತಮವಾದದ್ದನ್ನು ಕೊಳ್ಳುವಾಗ ಮೊದಲಿನದನ್ನು ಹಿಂದಕ್ಕೆ ಪಡೆದು ಅದರ ಬೆಲೆಯನ್ನು ವಜಾ ಮಾಡಿಕೊಡುವರು. ಒಳ್ಳೆಯದು ಮರುಮಾರಾಟದಲ್ಲಿ ತನ್ನ ಬೆಲೆಯನ್ನು ಬಹುಮಟ್ಟಿಗೆ ಉಳಿಸಿಕೊಳ್ಳುತ್ತದೆ. ತೀರ ಅಗ್ಗದ್ದನ್ನು ಕೇಳುವವರೇ ಇರುವುದಿಲ್ಲ. ಆದುದರಿಂದ ಮೊದಲು ಹೇಳಿದ ಹಿರಿಯರ ಮಿತವ್ಯಯವು ಲೆಕ್ಕದ ಪುಸ್ತಕದಲ್ಲಿಯೂ ಯಾವಾಗಲೂ ಗೆಲ್ಲುವುದಿಲ್ಲ.

ತನಗಾಗಿ ಕೊಳ್ಳುವವನು ಕಡಿಮೆ ಹಣ ತೆತ್ತು ಹೆಚ್ಚು ಕಷ್ಟಪಡುವೆನೆಂದರೆ ಅದು ಅವನ ಸ್ವಂತ ವಿಚಾರ; ಅದರಲ್ಲೊಂದು ಗಾಂಭೀರ್ಯವೂ ಇದ್ದೀತು. ಮತ್ತೊಬ್ಬರಿಗಾಗಿ ಕೊಳ್ಳುವವನ ಸ್ಥಿತಿ ಹಾಗಲ್ಲ. ಅವನು ಉಳಿಸುವುದು ತನ್ನ ಹಣವನ್ನು. ಖರ್ಚುಮಾಡುವುದು ಮಗುವಿನ ತಾಳ್ಮೆಯನ್ನು. ಕೊಳ್ಳುವ ಮೊದಲು ನುಡಿಸಬಲ್ಲವರೊಬ್ಬರನ್ನು ಅಂಗಡಿಗೆ ಕರೆದೊಯ್ದು ಕಾಲುಗಂಟೆ ಅದನ್ನೇ ನುಡಿಸಿ ನೋಡಲು ಹೇಳಲಿ. ಅವರಿಗೂ ಕಷ್ಟವಾಗಿ, ಆದರೂ ಬೇರೊಂದನ್ನು ಕೊಡಿಸುವ ಶಕ್ತಿ ಮನೆಗಿಲ್ಲದಿದ್ದರೆ, ವಾದ್ಯವನ್ನು ಕೈಗೆ ಕೊಡುವಾಗಲೇ ಆ ಸಂಗತಿಯನ್ನು ಮಗುವಿಗೆ ತಿಳಿಸಿಬಿಡಲಿ.