ಫೋನ್ ಕಿಸೆದಾಗ ಇರ್ಲಿ

‘ಕಡೆ’ ಅನ್ನೋ ಕ್ರಿಯಾಪದ ನನಗೆ ತುಂಬಾ ಇಷ್ಟ. ಮಜ್ಜಿಗೆ ಕಡೆಯೋದೂ ಅದೇ, ಕಟ್ಟಿಗೆ ಕಡೆಯೋದೂ ಅದೇ, ಕಲ್ಲು ಕಡೆಯೋದೂ ಅದೇ. ವಸ್ತು ತಿರುಗುತ್ತೆ, ಅಥವಾ ವಸ್ತುವಿನೊಳಗೆ ಏನೋ ತಿರುಗುತ್ತೆ, ಒಳಗಿದ್ದದ್ದು ಹೊರಗೆ ಬರುತ್ತೆ. ಇವತ್ತು ನಾವೆಲ್ಲ ಲೇಥ್ ಅನ್ನೋ ಯಂತ್ರಕ್ಕೆ ಕಡಸಲು ಅಂತ ಹಳೇ ಹೆಸರೇ ಇದೆ. ಮಜಾ ಏನಂದ್ರೆ, ಕಡಗೋಲನ್ನೂ ಕಡೆದೇ ಮಾಡ್ತಾರೆ. ಕಡೆಸಿಕೊಂಡು ಬಂದ ಕೋಲು ಆಮೇಲೆ ಜೀವನಪೂರ್ತಿ ಮಜ್ಜಿಗೆ ಕಡೀತಾ ಕೂರುತ್ತೆ.

ಬೆಂಗಳೂರಿನಲ್ಲಿ ನಾವು ಎಂಟೊಂಬತ್ತು ಜನ ಭಾನುವಾರ ಒಂದು ಬಾಡಿಗೆ ಶೆಡ್ಡಿನಲ್ಲಿ ಸೇರಿ ಕಟ್ಟಿಗೆ ಕಡೀತೀವಿ. ಬಹುತೇಕ ಎಲ್ಲರೂ ಐಟಿ, ಒಬ್ಬರು ದಂತವೈದ್ಯೆ. ವಾರವಿಡೀ ಪರದೆ ಮೇಲೆ ಏನನ್ನೋ ಸರಿಸಾಡಿ, ಭಾನುವಾರ ಕೈಯಲ್ಲಿ ಉಳಿ ಹಿಡಿದು ಸಿಪ್ಪೆ ಹಾರಿಸೋದರಲ್ಲಿ ಒಂದು ಸುಖ ಇದೆ, ಅದನ್ನ ಈಗ ವರ್ಣಿಸಲ್ಲ. ಆ ಥರದ ಬರಹ ನೀವು ಸಾಕಷ್ಟು ಓದಿರ್ತೀರಿ. ನಾನು ಹೇಳೋಕೆ ಹೊರಟಿರೋದು ನಮ್ಮ ಕೂಟದಲ್ಲಿ ಆರು ತಿಂಗಳಿಂದ ಬಗೆಹರಿಯದ ಒಂದು ಜಗಳದ ಬಗ್ಗೆ: ಕಸುಬಿನ ಗುಟ್ಟನ್ನ ಎಲ್ಲರಿಗೂ ಹಂಚೋದು ಒಳ್ಳೇ ಕೆಲಸವೇ?

ಇದು ಪ್ರಶ್ನೆಯೇ ಅಲ್ಲ ಅಂತ ಅನ್ನಿಸಬಹುದು. ಹಂಚೋದು ಒಳ್ಳೇದು, ಬಚ್ಚಿಡೋದು ಕೆಟ್ಟದ್ದು, ಮುಗೀತು. ಹೊರದೇಶದ ಕಟ್ಟಿಗೆ ಕಡೆಯುವವರ ಕ್ಲಬ್ಬುಗಳ ಧರ್ಮವೇ ಇದು. ಅಮೆರಿಕದಲ್ಲಿ ಅವರದೊಂದು ರಾಷ್ಟ್ರೀಯ ಸಂಘ 1986ರಲ್ಲಿ ಶುರುವಾಯಿತು, ಅದರಡಿ ಊರೂರಲ್ಲಿ ಶಾಖೆಗಳಿವೆ. ತಿಂಗಳಿಗೊಮ್ಮೆ ಸೇರ್ತಾರೆ. ಒಬ್ಬರು ಲೇಥ್ ಮುಂದೆ ನಿಂತು ಮಾಡಿ ತೋರಿಸ್ತಾರೆ, ಉಳಿದವರು ತಾವು ಮಾಡಿದ ಬಟ್ಟಲು, ಪೆನ್ನು, ಡಬ್ಬಿ ತಂದು ಮೇಜಿನ ಮೇಲಿಟ್ಟು ಎಲ್ಲಿ ಸರಿಯಾಯ್ತು ಎಲ್ಲಿ ಬಿರುಕು ಬಿಡ್ತು ಅಂತ ಹೇಳ್ತಾರೆ. ಯಾರದೋ ಹಿತ್ತಲಲ್ಲಿ ಬಿದ್ದ ಮರದ ತುಂಡುಗಳ ವಿನಿಮಯ ನಡೆಯುತ್ತೆ. ಯಾರೂ ಏನನ್ನೂ ಮುಚ್ಚಿಡಲ್ಲ. ಉಳಿಯನ್ನ ಯಾವ ಕೋನದಲ್ಲಿ ಸಾಣೆ ಹಿಡಿದೆ ಅಂತ ಕೇಳಿದರೆ ಸಾಣೆಕಲ್ಲಿನ ಸಮೇತ ತೋರಿಸ್ತಾರೆ. ನಾನು ಕಲಿತದ್ದರಲ್ಲಿ ಮುಕ್ಕಾಲು ಪಾಲು ಇಂಥವರ ವಿಡಿಯೋಗಳಿಂದ, ಆ ಋಣ ನನ್ನ ಮೇಲಿದೆ.

ಆದ್ರೆ ಈ ಔದಾರ್ಯದ ಹಿಂದಿನ ಲೆಕ್ಕ ನೋಡಿ. ಆ ಕ್ಲಬ್ಬುಗಳಲ್ಲಿ ಹೆಚ್ಚಿನವರು ಹವ್ಯಾಸಿಗಳು, ಎಷ್ಟೋ ಜನ ನಿವೃತ್ತರು. ಅವರ ಅನ್ನ ಪೆನ್ಶನ್ನಿನಿಂದ ಬರುತ್ತೆ, ಬಟ್ಟಲಿನಿಂದಲ್ಲ. ಗುಟ್ಟು ಹೇಳಿದರೆ ಅವರಿಗೆ ಹೋಗೋದೇನೂ ಇಲ್ಲ. ನಮ್ಮ ಓಪನ್ ಸೋರ್ಸ್ ಕಥೆಯೂ ಸ್ವಲ್ಪ ಹೀಗೇ ಅಲ್ವಾ? ತಿಂಗಳ ಕೊನೆಗೆ ಸಂಬಳ ಬೀಳುತ್ತೆ ಅಂತ ಗೊತ್ತಿದ್ದಾಗ ರಾತ್ರಿ ಕೂತು ಬರೆದ ಕೋಡನ್ನ ಜಗತ್ತಿಗೆ ಕೊಟ್ಟುಬಿಡೋದು ಸುಲಭ. ಅದು ಕೆಟ್ಟದ್ದು ಅಂತ ಹೇಳ್ತಿಲ್ಲ. ಆದ್ರೆ ಕಳಕೊಳ್ಳೋಕೆ ಏನೂ ಇಲ್ಲದವರು ತೋರಿಸೋ ಔದಾರ್ಯವನ್ನ ಅಳತೆಗೋಲು ಮಾಡಿಕೊಂಡು, ಕಳಕೊಳ್ಳೋಕೆ ಎಲ್ಲವೂ ಇರೋರನ್ನ ‘ಸಂಕುಚಿತ ಮನಸ್ಸಿನವರು’ ಅಂತ ಅಳೆಯೋದು ನನಗೆ ಸರಿ ಕಾಣಲ್ಲ.

ಕಳೆದ ಸಲ ಊರಿಗೆ ಹೋದಾಗ ಬೆಟಗೇರಿಯಲ್ಲಿ ಒಬ್ಬರ ಅಂಗಡಿ ಮುಂದೆ ನಿಂತಿದ್ದೆ. ಹಳೇ ಮೋಟರಿನ ಲೇಥ್, ಮೇಲೆ ತಗಡಿನ ಛಪ್ಪರ. ಲಟ್ಟಣಿಗೆ, ಮಂಚದ ಕಾಲು, ತೊಟ್ಟಿಲಿನ ಗೂಟ, ಕಡಗೋಲು ಮಾಡ್ತಾರೆ. ಮಗ್ಗದ ಊರಾದ್ದರಿಂದ ಹಿಂದೆ ನೇಕಾರರ ಸಾಮಾನೂ ಮಾಡ್ತಿದ್ರಂತೆ. ಅವರ ಉಳಿ ಕಟ್ಟಿಗೆ ಮೇಲೆ ಹರಿಯೋದನ್ನ ನೋಡ್ತಾ ನನ್ನ ಕೈ ತಂತಾನೇ ಫೋನಿಗೆ ಹೋಯ್ತು. ಅವರು ಯಂತ್ರ ನಿಲ್ಲಿಸಿದರು.

“ನೋಡ್ರಿ ಬೇಕಾದಷ್ಟ. ಕಲೀರಿ. ನಾಳೆ ಮತ್ತ ಬರ್ರಿ, ಉಳಿ ಕೈಯಾಗ ಕೊಡ್ತೀನಿ. ಫೋನ್ ಮಾತ್ರ ಕಿಸೆದಾಗ ಇರ್ಲಿ.”

“ಯಾಕ್ರಿ?” ಅಂದೆ.

“ನೀವು ಯಾರಂತ ನನಗ ಗೊತ್ತಾತು. ಅದರಾಗ ನೋಡಾವ್ರು ಯಾರಂತ ನನಗೇನ್ ಗೊತ್ತು?”

ಆಮೇಲೆ ಅವರು ಮತ್ತೆ ಕೆಲಸಕ್ಕೆ ಹತ್ತಿದರು, ಏನೂ ಆಗದವರ ಹಾಗೆ. ಬೆಂಗಳೂರಿನಲ್ಲಿ ಇದನ್ನ ಹೇಳಿದಾಗ ಒಬ್ಬ ಗೆಳೆಯ, ‘ಲಟ್ಟಣಿಗೆ ಮಾಡೋದರಲ್ಲಿ ಅದೇನು ಪೇಟೆಂಟು ಇರುತ್ತೆ ಮಾರಾಯ’ ಅಂತ ನಕ್ಕ. ನನಗೆ ನಗು ಬರಲಿಲ್ಲ. ಅವರು ಕಲಿಸೋಕೆ ಇಲ್ಲ ಅನ್ನಲಿಲ್ಲ. ದಿನಾ ಬಾ ಅಂದ್ರು. ಮುಖ ಇಲ್ಲದವರಿಗೆ ಮಾತ್ರ ಇಲ್ಲ ಅಂದ್ರು. ಈ ವ್ಯತ್ಯಾಸ ನನಗೆ ನಮ್ಮ ಕೂಟದ ಇಡೀ ಚರ್ಚೆಗಿಂತ ಸೂಕ್ಷ್ಮ ಅನ್ನಿಸ್ತು.

ಹಾಗಂತ ಗುಟ್ಟಿನ ಪರವಾಗಿ ಪೂರ್ತಿ ವಕಾಲತ್ತು ಮಾಡೋಕೂ ಆಗಲ್ಲ. ಕಸುಬಿನ ಗುಟ್ಟು ಅಂದ್ರೆ ನಮ್ಮಲ್ಲಿ ಬಹಳ ಕಾಲ ಜಾತಿಯ ಬೇಲಿ ಅಂತಲೇ ಅರ್ಥ. ಹುಟ್ಟಿದ ಮನೆ ಬೇರೆಯಾದರೆ ಉಳಿ ಮುಟ್ಟೋ ಹಾಗಿಲ್ಲ. ಮಗಳಿಗೆ ಕಲಿಸಲ್ಲ, ಮದುವೆಯಾಗಿ ಹೋದ ಮನೆಗೆ ವಿದ್ಯೆಯೂ ಹೋಗುತ್ತೆ ಅಂತ. ಇಂಗ್ಲೆಂಡಿನಲ್ಲೂ ಇದರದೇ ಇನ್ನೊಂದು ರೂಪ ಇತ್ತು: ಲಂಡನ್ನಿನ ಕಡೆಯುವವರ ಸಂಘಕ್ಕೆ 1604ರಲ್ಲಿ ರಾಜನ ಸನ್ನದು ಸಿಕ್ಕಿತು, ಸಂಘದ ಹೊರಗಿನವರು ಆ ಕಸುಬು ಮಾಡೋದು ಕಷ್ಟವಾಯ್ತು. ‘ಪರಂಪರೆಯ ರಕ್ಷಣೆ’ ಅಂತ ಯಾರಾದ್ರೂ ಭಾವುಕರಾಗಿ ಮಾತಾಡಿದಾಗೆಲ್ಲ, ಬಾಗಿಲ ಹೊರಗೆ ಯಾರನ್ನ ನಿಲ್ಲಿಸಿದ್ರು ಅಂತ ಕೇಳಬೇಕು ಅನ್ನಿಸುತ್ತೆ ನನಗೆ.

ಗುಟ್ಟಿಗೆ ಇನ್ನೊಂದು ಬೆಲೆಯೂ ಇದೆ. ನಮ್ಮ ಗದಗ ಜಿಲ್ಲೆಗಿಂತ ಒಳ್ಳೇ ಸಾಕ್ಷಿ ಅದಕ್ಕೆ ಸಿಗಲ್ಲ. ಲಕ್ಕುಂಡಿಗೆ ಹೋಗಿ, ಕಾಶಿವಿಶ್ವನಾಥ ದೇವಸ್ಥಾನದ ಕಂಬಗಳ ಮುಂದೆ ನಿಲ್ಲಿ. ಗದಗಿನ ತ್ರಿಕೂಟೇಶ್ವರದ ಆವರಣದಲ್ಲಿರೋ ಸರಸ್ವತಿ ಗುಡಿ, ಲಕ್ಷ್ಮೇಶ್ವರದ ಸೋಮೇಶ್ವರ, ಮುಂಡರಗಿ ತಾಲ್ಲೂಕಿನ ಡಂಬಳದ ದೊಡ್ಡಬಸಪ್ಪ, ಇವೆಲ್ಲ ನೋಡಿ. ಕಲ್ಯಾಣ ಚಾಲುಕ್ಯರ ಕಾಲದವರು ಈ ಸೀಮೆಯಲ್ಲಿ ಬಳಪದ ಕಲ್ಲಿನ ಕಂಬವನ್ನ ಲೇಥಿಗೆ ಏರಿಸಿ ಕಡೆದಿದ್ದಾರೆ. ಗಂಟೆಯಂತೆ ಇಳಿಯೋ ಬಾಗು, ಮೇಲೆ ಚಪ್ಪಟೆ ತಟ್ಟೆ, ನಡುವೆ ಕೂದಲೆಳೆಯಂಥ ಉಂಗುರಗಳು, ಕತ್ತಲಲ್ಲೂ ಮಿಂಚೋ ಹೊಳಪು. ಕಟ್ಟಿಗೆ ಕಡೆದವನಿಗೆ ಈ ಬಾಗುಗಳು ಕೂಡಲೇ ಗುರುತು ಸಿಗುತ್ತವೆ. ಲಟ್ಟಣಿಗೆಯ ಹಿಡಿಯಲ್ಲಿ, ಮಂಚದ ಕಾಲಿನಲ್ಲಿ ಇವತ್ತಿಗೂ ಅದೇ ವ್ಯಾಕರಣ ಇದೆ. ಆದ್ರೆ ಅಷ್ಟು ಭಾರದ ಕಲ್ಲನ್ನ ಹೇಗೆ ನಿಲ್ಲಿಸಿದ್ರು, ಯಾವ ಶಕ್ತಿಯಿಂದ ಅಲುಗಾಡದ ಹಾಗೆ ತಿರುಗಿಸಿದ್ರು ಅನ್ನೋದರ ಬಗ್ಗೆ ವಿದ್ವಾಂಸರು ಇನ್ನೂ ವಾದ ಮಾಡ್ತಲೇ ಇದ್ದಾರೆ. ಕಂಬ ಉಳೀತು, ಕೈ ಉಳೀಲಿಲ್ಲ. ಯಾರಿಗೂ ಹೇಳದ ಗುಟ್ಟು ಕೊನೆಗೆ ಯಾರದೂ ಆಗಿ ಉಳಿಯಲ್ಲ.

ಹಾಗಾದ್ರೆ ಹಂಚಬೇಕು, ಸರಿ. ಯಾರಿಗೆ, ಯಾವ ಕರಾರಿನ ಮೇಲೆ?

ಲಕ್ಷ್ಮೇಶ್ವರದಲ್ಲಿ, ಅಂದ್ರೆ ಹಳೇ ಪುಲಿಗೆರೆಯಲ್ಲಿ, ಸುಮಾರು ಕ್ರಿ.ಶ. 725ರ ಒಂದು ಶಾಸನ ಸಿಕ್ಕಿದೆ. ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯ ಊರಿನ ಮಹಾಜನರಿಗೂ ನಗರದವರಿಗೂ ಹಾಕಿಕೊಟ್ಟ ಆಚಾರವ್ಯವಸ್ಥೆ ಅದು. ರಾಜನ ಕಡೆಯವರು ಏನು ಮಾಡಬೇಕು, ಊರವರು ಏನು ಕೊಡಬೇಕು ಅಂತ ಎರಡೂ ಬದಿಯ ಬಾಧ್ಯತೆ ಅದರಲ್ಲಿದೆ, ಕಂಚುಗಾರರ ಶ್ರೇಣಿಯ ಮಾತೂ ಬರುತ್ತೆ. ಡಂಬಳದ 1095ರ ಶಾಸನದಲ್ಲಿ ಹದಿನಾರು ಜನ ಸೆಟ್ಟಿಗಳು ಸೇರಿ ಬೌದ್ಧ ವಿಹಾರ ಕಟ್ಟಿಸಿದ್ದು ದಾಖಲಾಗಿದೆ. ಗದಗಿನ ಪಕ್ಕದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದರು. ಅದಕ್ಕೆ ದಾರಿ ಮಾಡಿಕೊಟ್ಟ 1904ರ ಕಾಯ್ದೆಯ ಪ್ರಕಾರ ಹಳ್ಳಿಯ ಸಂಘಗಳ ಸದಸ್ಯರ ಹೊಣೆಗೆ ಮಿತಿ ಇರಲಿಲ್ಲ. ಅಂದ್ರೆ ಸಂಘ ಮುಳುಗಿದರೆ ಸಾಲ ಉಳಿದ ಸದಸ್ಯರ ಹೆಗಲಿಗೂ ಬೀಳುತ್ತೆ. ಈಗ ನಮ್ಮ ಭಾನುವಾರದ ಕೂಟ ನೋಡಿ. ಬಾಡಿಗೆ ಹಂಚಿಕೊಳ್ತೀವಿ, ಫೋಟೋ ಹಂಚಿಕೊಳ್ತೀವಿ. ಬೇಜಾರಾದರೆ ವಾಟ್ಸಾಪ್ ಗುಂಪಿನಿಂದ ಹೊರಗೆ ಬಂದರೆ ಮುಗೀತು. ನಮ್ಮಲ್ಲಿ ಕೊಡುಕೊಳ್ಳುವಿಕೆ ಇದೆ, ಹೊಣೆ ಇಲ್ಲ. ಬೆಟಗೇರಿಯವರು ಕೇಳಿದ್ದು ಹೊಣೆಯನ್ನ ಅಂತ ಈಗ ಅನ್ನಿಸುತ್ತೆ. ಎದುರಿಗೆ ಬಂದು ಕಲಿತವನು ನಾಳೆ ಅದೇ ಬೀದಿಯಲ್ಲಿ ಸಿಗ್ತಾನೆ, ಮುಖ ನೋಡಿ ಮಾತಾಡಬೇಕಾಗುತ್ತೆ.

ವಿಡಿಯೋದಿಂದ ನಿಜವಾದ ಗುಟ್ಟೇನೂ ಹೋಗಲ್ಲ ಅನ್ನೋ ವಾದವೂ ಇದೆ, ಅದರಲ್ಲಿ ಹುರುಳಿದೆ. ಚನ್ನಪಟ್ಟಣದ ಅರಗಿನ ಕೆಲಸವನ್ನೇ ತಗೊಳ್ಳಿ. ಹಾಲೆ ಮರವನ್ನ ಒಣಗಿಸಿ, ಲೇಥಿಗೆ ಏರಿಸಿ ಆಕಾರ ಕೊಡ್ತಾರೆ. ತಿರುಗ್ತಿರೋ ಕಟ್ಟಿಗೆಗೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಶಾಖಕ್ಕೇ ಅರಗು ಕರಗಿ ಹತ್ತುತ್ತೆ, ಮೇಲೆ ಗರಿ ಒತ್ತಿ ಹರಡಿ ಹೊಳಪು ತರಿಸ್ತಾರೆ. ಎರಡು ವಾಕ್ಯದಲ್ಲಿ ಪೂರ್ತಿ ವಿಧಾನ ಹೇಳಿಬಿಟ್ಟೆ. ನೀವು ಮಾಡಿ ನೋಡಿ. ಎಷ್ಟು ಒತ್ತಬೇಕು ಅನ್ನೋದು ಕೈಗೆ ಗೊತ್ತಿರುತ್ತೆ, ಬಾಯಿಗೆ ಗೊತ್ತಿರಲ್ಲ. ಮೈಕೆಲ್ ಪೊಲಾನ್ಯಿ ಅನ್ನೋ ಚಿಂತಕ 1966ರಲ್ಲಿ ಇಂಥ ಮೌನದ ಅರಿವಿನ ಬಗ್ಗೆಯೇ ಒಂದು ಪುಸ್ತಕ ಬರೆದರು. ಆದ್ರೆ ಈ ವಾದ ಸಮಾಧಾನ ಕೊಡೋದು ನಮ್ಮಂಥ ಹವ್ಯಾಸಿಗಳಿಗೆ ಮಾತ್ರ. ಕಾರ್ಖಾನೆಗೆ ಕೈಯ ಅರಿವು ಬೇಕಾಗಿಲ್ಲ, ಆಕಾರದ ಒಂದು ಫೋಟೋ ಸಾಕು. ಯಂತ್ರದಲ್ಲಿ ಸಾವಿರ ಅಚ್ಚು ಇಳಿಯುತ್ತವೆ.

ಅದಕ್ಕೇ ಕಾನೂನು ಜಿಐ ಅನ್ನೋ ಗುರಾಣಿ ಕೊಟ್ಟಿದೆ. ಚನ್ನಪಟ್ಟಣದ ಗೊಂಬೆಗಳಿಗೆ ಅದಿದೆ, ನಮ್ಮ ಪಕ್ಕದ ಕಿನ್ನಾಳದ ಗೊಂಬೆಗಳಿಗೂ ಇದೆ. ಅದು ಕಾಪಾಡೋದು ಹೆಸರನ್ನ, ವಿಧಾನವನ್ನಲ್ಲ. ಯಾರು ಬೇಕಾದ್ರೂ ಅರಗು ಹಚ್ಚಿ ಗೊಂಬೆ ಮಾಡಬಹುದು, ಚನ್ನಪಟ್ಟಣದ್ದು ಅಂತ ಹೇಳಿ ಮಾರೋ ಹಾಗಿಲ್ಲ. ಅರ್ಧ ಉತ್ತರ, ಆದ್ರೆ ಮೂರ್ಖ ಉತ್ತರ ಅಲ್ಲ. ಚನ್ನಪಟ್ಟಣದ ಇನ್ನೊಂದು ಸಂಗತಿ ನನಗೆ ಹೆಚ್ಚು ಇಷ್ಟ. ಬವಾಸ್ ಮಿಯಾನ್ ಜಪಾನಿನ ಗೊಂಬೆ ತಂತ್ರ ತಂದು ಊರಿನವರಿಗೆಲ್ಲ ಕಲಿಸಿದರು ಅಂತ ಅಲ್ಲಿ ಹೇಳ್ತಾರೆ. ಇವತ್ತು ಅಲ್ಲಿನ ಲೇಥುಗಳ ಮುಂದೆ ಹಿಂದೂಗಳೂ ಇದ್ದಾರೆ, ಮುಸಲ್ಮಾನರೂ ಇದ್ದಾರೆ, ಹೆಣ್ಣುಮಕ್ಕಳೂ ಕೂತಿದ್ದಾರೆ. ಹಂಚಿದ್ದರಿಂದ ಕಸುಬು ಸಾಯಲಿಲ್ಲ, ಊರಿಡೀ ಹರಡಿತು. ಹಂಚಿದವರೂ ಕಲಿತವರೂ ಒಂದೇ ಊರಲ್ಲಿದ್ದರು ಅನ್ನೋದನ್ನ ಮಾತ್ರ ಮರೀಬಾರದು.

ನನ್ನ ಅನುಮಾನ ಏನಂದ್ರೆ, ನಾವು ಗುಟ್ಟು ಗುಟ್ಟು ಅಂತ ಜಗಳಾಡ್ತಾ ನಿಜವಾದ ವಿಷಯ ಬಿಟ್ಟಿದ್ದೀವಿ. ಅದು ರೇಟು. ನಮ್ಮ ಕೂಟದವರೊಬ್ಬರು ಅಪಾರ್ಟ್‌ಮೆಂಟಿನ ಸಂತೆಯಲ್ಲಿ ಮೇಜು ಹಾಕಿ ಲಟ್ಟಣಿಗೆ ಮಾರಿದರು. ಕಟ್ಟಿಗೆಯ ಖರ್ಚು ಬಂದರೆ ಸಾಕು ಅಂತ ಬೆಲೆ ಇಟ್ಟಿದ್ರು. ಅವರ ಭಾನುವಾರಕ್ಕೆ ಬೆಲೆ ಇಲ್ಲ, ಅದು ಅವರ ಸುಖ. ಆದ್ರೆ ಲಟ್ಟಣಿಗೆಯಿಂದಲೇ ಮಗನ ಫೀಸು ಕಟ್ಟೋರಿಗೆ ಆ ಬೆಲೆ ಒಂದು ಏಟು. ಇನ್ನೊಬ್ಬರು ಉಲ್ಟಾ: ಅಂಥದ್ದೇ ಲಟ್ಟಣಿಗೆಗೆ ಇಂಗ್ಲಿಷ್ ಹೆಸರು, ಸೆಣಬಿನ ದಾರ, ಕಂದು ಕಾಗದ, ಹತ್ತು ಪಟ್ಟು ಬೆಲೆ. ಒಬ್ಬರು ಕಸುಬುದಾರನ ದುಡಿಮೆಯನ್ನ ಅಗ್ಗ ಮಾಡಿದ್ರು, ಇನ್ನೊಬ್ಬರು ಆತನ ಕೈಗೆ ಎಂದೂ ಸಿಗದ ಬೆಲೆಯನ್ನ ತಾವು ತಗೊಂಡ್ರು. ಇಬ್ಬರೂ ಒಳ್ಳೇ ಜನ, ಇಬ್ಬರೂ ಕಲಿತದ್ದನ್ನೆಲ್ಲ ಧಾರಾಳವಾಗಿ ಹಂಚ್ತಾರೆ.

ಹಾಗಾಗಿ ಕೂಟದಲ್ಲಿ ನಾನೊಂದು ಸಲಹೆ ಇಟ್ಟೆ. ಲಟ್ಟಣಿಗೆ, ಬಗರಿ, ಕಡಗೋಲು, ಮಂಚದ ಕಾಲು, ಅಂದ್ರೆ ಯಾರೋ ಹೊಟ್ಟೆಪಾಡಿಗೆ ಮಾಡೋ ಸಾಮಾನು, ಅವನ್ನ ನಾವು ಮನೆಗೆ ಮಾಡಿಕೊಳ್ಳೋಣ, ಮಾರೋದು ಬೇಡ. ಯಾರ ಹತ್ತಿರವಾದ್ರೂ ಕಲಿತರೆ ಅವರ ದಿನದ ಗಳಿಕೆಯಷ್ಟು ಕೊಟ್ಟು ಕಲಿಯೋಣ, ಪುಕ್ಕಟೆ ವಿಡಿಯೋ ಬೇಡ. ದಂತವೈದ್ಯೆ ಒಪ್ಪಿದರು. ಇಬ್ಬರು, ‘ಇದೂ ಒಂಥರಾ ಬೇಲಿಯೇ ಅಲ್ವಾ, ಈ ಸಲ ನಾವು ಹೊರಗೆ ನಿಂತಿದ್ದೀವಿ ಅಷ್ಟೇ’ ಅಂದ್ರು. ಅದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಹೊಟ್ಟೆಪಾಡಿನವರ ಬೇಲಿಯೂ ಹವ್ಯಾಸಿಗಳು ತಾವೇ ಹಾಕಿಕೊಂಡ ಬೇಲಿಯೂ ಒಂದೇ ಅಲ್ಲ ಅಂದೆ. ಲಟ್ಟಣಿಗೆ ಮಾರಿದವರು ಮಾತ್ರ ಸಿಟ್ಟಾಗಿ, ‘ಹಾಗಾದ್ರೆ ನಾವು ಮಾರೋದೇನು, ಸಲಾಡ್ ಬಟ್ಟಲಾ?’ ಅಂತ ಕೇಳಿದರು.

ಸದ್ಯಕ್ಕೆ ಸಲಾಡ್ ಬಟ್ಟಲೇ. ಉಗಾದಿಗೆ ಊರಿಗೆ ಹೋಗ್ತಿದ್ದೀನಿ, ನಾಲ್ಕು ದಿನ ರಜೆ ಹಾಕಿದ್ದೀನಿ. ಬೆಟಗೇರಿಯ ಅಂಗಡಿ ಬೆಳಿಗ್ಗೆ ಎಂಟಕ್ಕೆ ತೆಗೆಯುತ್ತೆ.