ನಿಧಾನವಾಗಿ ಮೇಲೆ ಬನ್ನಿ
(ಭಾನುವಾರದ ಆರಾಧನೆಯ ಸಂದೇಶ. ವಾಕ್ಯಭಾಗ: 1 ಅರಸುಗಳು 19:1-8)

ಪಕ್ಕದಲ್ಲಿ ಕೂತಿರೋರಿಗೆ ಹೇಳಿ: "ಅವಸರ ಬೇಡ." ಆಮೆನ್.

ನಮ್ಮ ಯೌವನಸ್ಥರಲ್ಲಿ ಕೆಲವರು ಮುರುಡೇಶ್ವರದ ಹತ್ತಿರ ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಡೈವಿಂಗ್‌ಗೆ ಹೋಗಿ ಬಂದಿದ್ದೀರಿ. ಫೋಟೋ ನೋಡಿದೆ, ಚೆನ್ನಾಗಿತ್ತು. ಆದ್ರೆ ಆ ನೀರಿನ ಕೆಳಗೆ ಶರೀರದಲ್ಲಿ ಏನಾಗುತ್ತೆ ಗೊತ್ತಾ? ಸಮುದ್ರದಲ್ಲಿ 10 ಮೀಟರ್ ಇಳಿದರೆ ಒತ್ತಡ ಎರಡರಷ್ಟು, 20 ಮೀಟರ್‌ಗೆ ಮೂರರಷ್ಟು. ಮೊದಲು ಕಿವಿ ನೋಯುತ್ತೆ. ಮೂಗು ಹಿಡಿದು ಮೆಲ್ಲಗೆ ಊದಿದರೆ ಸರಿಹೋಗುತ್ತೆ. ಅದು ಗೊತ್ತಾಗುವ ಒತ್ತಡ.

ಗೊತ್ತಾಗದ್ದು ಇನ್ನೊಂದಿದೆ. ನಾವು ಉಸಿರಾಡುವ ಗಾಳಿಯಲ್ಲಿ ಸುಮಾರು ಶೇ. 78 ನೈಟ್ರೋಜನ್. ಆಳ ಹೆಚ್ಚಿದಷ್ಟೂ, ಹೊತ್ತು ಹೆಚ್ಚಿದಷ್ಟೂ ಅದು ರಕ್ತದಲ್ಲಿ, ಮಾಂಸದಲ್ಲಿ, ಕೊಬ್ಬಿನಲ್ಲಿ ಕರಗಿ ಸೇರುತ್ತೆ. ನೋವಿಲ್ಲ. ನೀವು ಮೀನು ನೋಡ್ತಾ ಖುಷಿಯಾಗಿ ಇರ್ತೀರಿ.

ಅಪಾಯ ಇರೋದು ಮೇಲೆ ಬರುವಾಗ. ಸೋಡಾ ಬಾಟಲಿ ಮುಚ್ಚಳ ಒಂದೇ ಸಲ ತೆಗೆದರೆ ಗುಳ್ಳೆ ಉಕ್ಕುತ್ತಲ್ಲ, ಹಾಗೇ ದಡಬಡಿಸಿ ಮೇಲೆ ಬಂದವನ ಶರೀರದೊಳಗೆ ಗುಳ್ಳೆ ಏಳುತ್ತೆ. ಕೀಲು ಹಿಂಡುತ್ತೆ, ಕೆಲವರಿಗೆ ಕಾಲೇ ಬೀಳಬಹುದು. ಅದೂ ದಡ ಸೇರಿ ಕೆಲವು ಗಂಟೆ ಆದಮೇಲೆ! ಹಂತ ಹಂತವಾಗಿ ಮೇಲೆ ಬರಬೇಕು ಅಂತ ಹಾಲ್ಡೇನ್ ಎಂಬ ವಿಜ್ಞಾನಿ 1908ರಲ್ಲೇ ತೋರಿಸಿದರು. ಇವತ್ತಿಗೂ ಡೈವರ್‌ಗಳು 5 ಮೀಟರ್ ಆಳದಲ್ಲಿ 3 ನಿಮಿಷ ನಿಲ್ಲುತ್ತಾರೆ. ಸೇಫ್ಟಿ ಸ್ಟಾಪ್ ಅಂತಾರೆ. ಮೇಲೆ ಬೆಳಕು ಕಾಣ್ತಿದೆ, ದೋಣಿ ಕಾಣ್ತಿದೆ. ಆದರೂ ನಿಲ್ಲಬೇಕು.

ಈಗ ಎಲೀಯನನ್ನು ನೋಡಿ. ಕರ್ಮೇಲ್ ಬೆಟ್ಟದ ಮೇಲೆ ಅವನು ಕುಸಿಯಲಿಲ್ಲ. ಬೆಂಕಿ ಇಳೀತು, ಮಳೆ ಬಂತು, ಎಲ್ಲಾ ಮುಗೀತು. ಆಮೇಲೆ ಈಜೆಬೆಲಳ ಒಂದು ಮಾತಿಗೆ ಓಡಿಹೋಗಿ, ಸಾವು ಬೇಕು ಅಂತ ಕೇಳಿದ. ದೂತನು ಬಂದು ಬೈದನಾ? "ನಿನ್ನೆ ಅಷ್ಟು ದೊಡ್ಡ ಅದ್ಭುತ ನೋಡಿದ್ಯಲ್ಲ, ಏಳು, ಸಾಕ್ಷಿ ಹೇಳು" ಅಂದನಾ? ಇಲ್ಲ. ಮುಟ್ಟಿದ, ರೊಟ್ಟಿ ನೀರು ಕೊಟ್ಟ. ಎಲೀಯ ತಿಂದು ಮತ್ತೆ ಮಲಗಿದ. ದೂತ ಮಲಗೋದಕ್ಕೆ ಬಿಟ್ಟ! ಎರಡನೇ ಸಲ ಊಟ, ಆಮೇಲೆ ಹೋರೇಬಿಗೆ 40 ದಿನದ ನಡಿಗೆ. ಹೊಸ ಕೆಲಸ ಕೊಟ್ಟಿದ್ದು ಅಲ್ಲಿ. ಪ್ರಿಯರೇ, ನಮ್ಮ ದೇವರು ಸೇಫ್ಟಿ ಸ್ಟಾಪ್ ಕೊಡುವ ದೇವರು. ಹಲ್ಲೆಲೂಯ!

ಆದರೆ ನಾವು? ಅಪ್ಪ ತೀರಿಹೋಗಿ ತಿಂಗಳಾಗದ ಹುಡುಗಿಗೆ "ಇನ್ನೂ ಅಳ್ತೀಯಾ? ನಂಬಿಕೆ ಇಲ್ವಾ?" ಅಂತೀವಿ. ಕೆಲಸ ಕಳೆದುಕೊಂಡ ತಮ್ಮನ ಕೈಗೆ ಮುಂದಿನ ವಾರವೇ ಮೈಕ್ ಕೊಟ್ಟು "ಜಯ ಅಂತ ಹೇಳು" ಅಂತೀವಿ. ಅದು ಆಳದಲ್ಲಿರೋನ ಕೈ ಹಿಡಿದು ಒಂದೇ ಸಲ ಎಳೆದ ಹಾಗೆ. ಪ್ರೀತಿಯಿಂದಲೇ ಎಳೀತೀವಿ, ಆದರೂ ಗಾಯ ಆಗುತ್ತೆ.

ಹಾಗಂತ ಕೆಳಗೇ ಇದ್ದುಬಿಡಿ ಅಂತ ಹೇಳ್ತಿಲ್ಲ. ಡೈವರ್‌ಗೆ ಇನ್ನೆರಡು ನಿಯಮ ಇವೆ. ಉಸಿರು ಕಟ್ಟಬೇಡ: 10 ಮೀಟರಿನಲ್ಲಿ ಎದೆತುಂಬ ಎಳೆದ ಗಾಳಿ ಮೇಲೆ ಬರುವಾಗ ಎರಡರಷ್ಟು ಹಿಗ್ಗುತ್ತೆ, ಬಿಡದಿದ್ದರೆ ಶ್ವಾಸಕೋಶ ಹರಿಯುತ್ತೆ. ಒಳಗೆ ಅದುಮಿ ಇಟ್ಟಿದ್ದನ್ನ ಕರ್ತನ ಮುಂದೆ ಬಿಡಿ. ಮಾತು ಬರದಿದ್ರೆ ನರಳಿ. ಪವಿತ್ರಾತ್ಮನು ಆ ನರಳಾಟದಲ್ಲೇ ಸಹಾಯ ಮಾಡ್ತಾನೆ ಅಂತ ರೋಮಾಪುರ 8ರಲ್ಲಿ ಓದ್ತೀವಿ. ಇನ್ನೊಂದು, ಒಬ್ಬನೇ ಇಳಿಯಬೇಡ. ಎಲೀಯ ತನ್ನ ಸೇವಕನನ್ನ ಬೇರ್ಷೆಬದಲ್ಲಿ ಬಿಟ್ಟು ಹೋದ, 3ನೇ ವಚನ ನೋಡಿ. ಹೋರೇಬಿನಲ್ಲಿ ದೇವರು ಅವನಿಗೆ ಎಲೀಷನನ್ನ ತೋರಿಸಿದರು.

ಈಗಾಗಲೇ ಬೇಗ ಮೇಲೆ ಬಂದು ನೋವಿನಲ್ಲಿ ಇದ್ದೀರಾ? ಅಂಥ ಡೈವರನ್ನ ಒತ್ತಡದ ಕೋಣೆಯಲ್ಲಿ ಮಲಗಿಸಿ, ಆಮ್ಲಜನಕ ಕೊಟ್ಟು, ಗಂಟೆಗಟ್ಟಲೆ ಚಿಕಿತ್ಸೆ ಮಾಡ್ತಾರೆ. ಯಾರೂ ಅವನ ನಂಬಿಕೆ ಪ್ರಶ್ನಿಸಲ್ಲ. ಹಾಗೇ ನೀವು ಡಾಕ್ಟರ್ ಹತ್ರ, ಕೌನ್ಸೆಲರ್ ಹತ್ರ ಹೋಗೋದು ಅವಿಶ್ವಾಸ ಅಲ್ಲ.

ತಲೆ ಬಾಗಿಸೋಣ. ತಂದೆಯೇ, ಇನ್ನೂ ಆಳದಲ್ಲಿರುವ ನಿನ್ನ ಮಕ್ಕಳ ಜೊತೆಯಲ್ಲಿರು. ಅವರ ಪಕ್ಕದಲ್ಲಿ ಕಾಯುವ ತಾಳ್ಮೆಯನ್ನು ನಮಗೆ ಕೊಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ಆಮೆನ್.